ಅರಿಷಿಣ ಹಚ್ಚಿದ ಎಲಿ

ಅಮರೇಶಪ್ಪನವರ ದನಿ ಸನತ್‌ನಗರದ ಆ ಓಣಿಗೆಲ್ಲ ಗೊತ್ತು. ಹೊರಗ ತೆಲುಗು, ಹಿಂದಿ ಏನರ ಮಾತಾಡಲಿ, ಮನಿಯೊಳಗ ಊಟ ಮುಗಿಸಿ ಕೈ ತೊಳಕೊಂಡ್ರಂದ್ರ ರಾಯಚೂರ ಕಡೆ ಗಂಟಲು ತೆರೀತಿತ್ತು: "ಸುವರ್ಣಾ, ಎಲಿ ಎಲ್ಲಿ?"

ಎಲಿ ಮಡಚೂದು ಹೆಂಡತಿ ಸುವರ್ಣಾನ ಪಾಲಿನ ಕೆಲಸ. ಆ ಮನ್ಯಾಗ ಗಂಡಸರು ತಮ್ಮ ಎಲಿ ತಾವು ಮಡಚಿಕೊಂಡದ್ದ ಇಲ್ಲ. ಮೊದಲು ಅತ್ತಿ ಮಡಚತಿದ್ದಳು, ಸೊಸಿ ಬಂದ ಮ್ಯಾಲ ಎಲಿ-ಅಡಿಕಿ ತಬಕ ಸೊಸಿ ಕೈಗೆ ಬಂತು. ಎಲಿ, ಸುಣ್ಣ, ಅಡಿಕಿ, ಮ್ಯಾಲೊಂದು ಚಿಟಿಕಿ ತಂಬಾಕು. ಆ ತಂಬಾಕಿನ ಸಲುವಾಗಿ ಆಕಿ ಜಗಳಾಡದ ದಿನ ಇರಲಿಲ್ಲ. ಬಯ್ಕೋತ ಮಡಚೂದು, ಮಡಚಿ ಮತ್ತ ಬಯ್ಯೂದು.

ಒಂದು ಶ್ರಾವಣದಾಗ ಯಜಮಾನ್ರಿಗೆ ಏನು ತಿಳೀತೋ, "ಈ ತಿಂಗಳು ತಂಬಾಕು ಮುಟ್ಟಂಗಿಲ್ಲ" ಅಂದ್ರು. ಮುಟ್ಟಲೂ ಇಲ್ಲ, ಖರೇನ! ಆದ್ರ ಸಿಟ್ಟು ಮೂಗಿನ ತುದಿ ಮ್ಯಾಲ. ನಿದ್ದಿ ಇಲ್ಲ, ಮಾತಿಲ್ಲ, ಮಾರಿ ಬಾಡಿಸಿಕೊಂಡು ಕುಂತಿರತಿದ್ರು.

ಅದೇ ತಿಂಗಳು ಸುವರ್ಣಾನ ತಮ್ಮನ ಮಗಳು ಸಂಪದಾ ಊಟಕ್ಕ ಬಂದಳು. ಇಲ್ಲೇ ಒಂದು ಪ್ರಯೋಗಶಾಲೆಯೊಳಗ ಅರಿಷಿಣದ ಮ್ಯಾಲ ಸಂಶೋಧನೆ ಮಾಡೂ ಹುಡುಗಿ. ಹೋಳಿಗಿ ತಿನ್ಕೋತ ಹೇಳಿದ್ಲು: "ಅತ್ತಿ, ಮೈಯೊಳಗ ಉರಿ, ಬಾವು ವರ್ಷಾನುಗಟ್ಟಲೆ ಆರದ ಉಳಿದ್ರ ಅಲ್ಲೇ ಕ್ಯಾನ್ಸರ್ ಬೇರು ಬಿಡಬಹುದು. ಅರಿಷಿಣ, ಶುಂಠಿ, ಬೆಳ್ಳುಳ್ಳಿಯೊಳಗಿನ ಅಂಶ ಆ ಬಾವು ಇಳಸ್ತಾವೇನು ಅಂತ ನೋಡಾಕತ್ತೀವಿ. ನೋಡಾಕತ್ತೀವಿ ಅಷ್ಟ, ಇನ್ನೂ ಇಲಿ ಮ್ಯಾಲ ಐತಿ. ಮನಷ್ಯಾರ ಮಾತು ಭಾಳ ದೂರ."

ಸುವರ್ಣಾಗ ಕೇಳಲಿಲ್ಲ ಅಂತಲ್ಲ, ಎಲ್ಲಾ ಕೇಳಿತ್ತು. ಬೇಕಾದಷ್ಟು ಇಟಗೊಂಡು ಉಳಿದದ್ದು ಬಿಟ್ಟಳು.

ಶ್ರಾವಣ ಮುಗಿದ ಮರುದಿನ ಊಟ ಆದ ಮ್ಯಾಲ ಅಮರೇಶಪ್ಪ ಮೆತ್ತಗ ಕೇಳಿದ್ರು, "ಹೆಂಗೂ ಒಂದು ತಿಂಗಳು ಕಳೀತು. ಪೂರಾ ಬಿಟ್ಟುಬಿಡಲೇನು?"

ಅಯ್ಯ ಶಿವನ! ಮದುವಿಯಾದಾಗಿಂದ ಆಕಿ ಬೇಡಿಕೊಂಡ ಮಾತು ತಾನಾಗಿ ಮನಿ ಬಾಗಲಿಗೆ ಬಂದಿತ್ತು. ಆದ್ರ ಆ ಬಾಡಿದ ಮಾರಿ ನೋಡಿ ಸುವರ್ಣಾ ತಬಕ ಮುಂದಕ್ಕ ಎಳಕೊಂಡ್ಲು. "ಯಾಕ ಅಷ್ಟು ಕಷ್ಟಪಡ್ತೀರಿ? ನಾ ತಂಬಾಕಿನ ಎಲಿಗೇ ಅರಿಷಿಣ ಹಚ್ಚಿ ಮಡಚಿಕೊಡತೀನಿ. ಏನೂ ಆಗಂಗಿಲ್ಲರಿ, ನಮ್ಮ ಸಂಪದಾ ಹೇಳ್ಯಾಳ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವರು ಕೈ ಚಾಚಿದ್ರು. ಸುಣ್ಣಕ್ಕ ಅರಿಷಿಣ ತಾಗಿ ಎಲಿ ಆರತಿ ನೀರಿನಂಗ ಕೆಂಪಗಾತು. ಸುವರ್ಣಾ ಅದನ್ನ ಶುಭ ಅಂತ ತಿಳಕೊಂಡ್ಲು. ಅವತ್ತಿನಿಂದ ಬೈಗಳ ನಿಂತವು, ತಂಬಾಕಿನ ಚಿಟಿಕಿ ಮಾತ್ರ ದೊಡ್ಡದಾತು.

ಕೆಲವು ವರ್ಷಕ್ಕ ನಾಲಿಗಿ ಬಗಲಿಗೆ ಒಂದು ಹುಣ್ಣು ಬಂತು. ಅದಕ್ಕೂ ಅರಿಷಿಣನ, ಮ್ಯಾಲ ಜೇನುತುಪ್ಪ. ಹುಣ್ಣು ಆರಲಿಲ್ಲ. ತಿಂಗಳುಗಟ್ಟಲೆ ತಡ ಮಾಡಿ ದವಾಖಾನಿಗೆ ಹೋದಾಗ, ಜೀವ ಉಳೀಬೇಕಂದ್ರ ನಾಲಿಗಿ ಅರ್ಧಕ್ಕಿಂತ ಹೆಚ್ಚು ತಗೀಬೇಕು ಅಂದ್ರು ಡಾಕ್ಟರು.

ಆಪರೇಷನ್ ನಡದಾಗ ಸಂಪದಾ ಅತ್ತಿ ಪಕ್ಕ ಕುಂತಿದ್ಲು. ಸುವರ್ಣಾ ಕೇಳಿದ್ಲು, "ಅರಿಷಿಣ ಯಾಕವಾ ಕೈ ಬಿಟ್ಟಿತು?"

"ಒಂದು ಕೈಲೆ ನೀರು ಹಾಕಿ, ಇನ್ನೊಂದು ಕೈಲೆ ಬೆಂಕಿ ಹಚ್ಚಿದ್ರ..." ಅಂತ ಸುರು ಮಾಡಿದ ಹುಡುಗಿ ಅತ್ತಿ ಮಾರಿ ನೋಡಿ ಆಕಿ ಕೈ ಹಿಡಕೊಂಡ್ಲು. ಸುವರ್ಣಾ ತನ್ನ ಬಟ್ಟು ನೋಡಿಕೊಂಡ್ಲು. ಉಗುರಿನ ಸಂದಿಯೊಳಗ ಇನ್ನೂ ಹಳದಿ ಇತ್ತು.

ಈಗ ಅಮರೇಶಪ್ಪ ಮನಿಗೆ ಬಂದಾರ, ಜೀವ ಉಳದೈತಿ. ಗಂಜಿ ಕುಡದು, ಕೈ ತೊಳಕೊಂಡು, ರೂಢಿಯಂಗ ಅಡಗಿಮನಿ ಕಡೆ ಹೊರಳ್ತಾರ. ದನಿ ಬರಂಗಿಲ್ಲ. ಸುವರ್ಣಾ ಬಾಗಲದಾಗ ನಿಂತು ಕಾಯ್ತಾಳ. 'ಬಿಡಲೇನು' ಅಂತ ಕೇಳಿದ್ರಲ್ಲ, ಬಾಯಿಬಿಟ್ಟು ಕೇಳಿದ್ರಲ್ಲ, ಒಂದು 'ಹೂಂ' ಅನ್ನಾಕ ತನಗೇನಾಗಿತ್ತು ಅಂತ ಒಳಗೊಳಗ ಸುಡ್ತಾಳ.

ನಿನ್ನೆ ತಡೀಲಿಲ್ಲ. ಅವರ ಕಾಲಬುಡಕ್ಕ ಕುಂತು, "ಬಯ್ಯರಿ ನನಗ. ಒಮ್ಮೆರ ಬಾಯಿ ತುಂಬ ಬಯ್ಯರಿ" ಅಂತ ಅತ್ತಳು.

ಅಮರೇಶಪ್ಪ ಆಕಿ ತಲಿ ಮ್ಯಾಲ ಕೈ ಇಟ್ಟು, ಕುತ್ತಿಗಿ ನರ ಉಬ್ಬಿಸಿ ಏನೋ ಅಂದ್ರು. ಬೈದ್ರೋ, ಹೆಸರು ಹಿಡದು ಕರದ್ರೋ, ಆಕಿಗೆ ತಿಳೀಲೇ ಇಲ್ಲ.