ಬದುವಿನ ಮರದ ಕೋಲು

ಮಹಾರಾಜರ ಪಟ್ಟದ ಬೆಳ್ಳಿಹಬ್ಬ ಕಳೆದು ಬಂದ ಸಂಕ್ರಾಂತಿಯಲ್ಲಿ ಚನ್ನಪಟ್ಟಣದ ಬಸವಲಿಂಗಯ್ಯನಿಗೆ ‘ಬೊಂಬೆ’ ಎಂಬ ಅಡ್ಡಹೆಸರು ಅಂಟಿತು. ಮೂವತ್ತು ದಾಟಿದವನು, ಪೇಟೆಯಲ್ಲಿ ಬೆಲ್ಲದ ಅಂಗಡಿಯವನು, ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದವನು. ಅಂಥವನಿಗೆ ಇಂಥ ಹೆಸರು ಬಂದದ್ದು ಹಾಕಿ ಆಟದಿಂದ.

ಸಂಕ್ರಾಂತಿಯ ನಂತರದ ಭಾನುವಾರ ಬೆಂಗಳೂರು ದಂಡಿನಿಂದ ಒಂದು ತಂಡ ರೈಲಿಳಿದು ಬಂದು ಪೇಟೆಯವರ ಮೇಲೆ ಆಡುವುದು ವಾಡಿಕೆ. ಆ ವರ್ಷ ಬಸವಲಿಂಗಯ್ಯ ಊರಲ್ಲೇ ಕೋಲು ಮಾಡಿಸಿದ. ಬೊಂಬೆ, ಬುಗುರಿ, ಗಿಲಕಿ ಎಲ್ಲಕ್ಕೂ ಒದಗುವ ಹಾಲೆ ಮರ ಆಟದ ಕೋಲಿಗೆ ಯಾಕೆ ಒದಗಬಾರದು? ತಿರುಗಣಿಯಲ್ಲಿ ಕಡೆದು, ತುದಿಗೆ ಕೊಕ್ಕೆ ಅಂಟಿಸಿ, ಕೆಂಪು ಅರಗು ಹತ್ತಿಸಿ, ಕೇದಗೆ ಗರಿಯಿಂದ ತಿಕ್ಕಿದ ಕೋಲು ಮುಖ ಕಾಣುವಷ್ಟು ಮಿನುಗುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಚೆಂಡು ಗೋಲಿನ ಬಾಯಲ್ಲೇ ನಿಂತಿತ್ತು. ಕಾಯುವವನು ಜಾರಿ ಬಿದ್ದಿದ್ದ. ಬಸವಲಿಂಗಯ್ಯ ಬೀಸಿದ. ಚೆಂಡು ಇದ್ದಲ್ಲೇ ಉಳಿಯಿತು, ಕೊಕ್ಕೆ ಹಾರಿ ಗೋಲಿನೊಳಗೆ ಬಿತ್ತು.

“ಬೊಂಬೆ ಗೋಲ್ ಹೊಡೀತು ಕಣ್ರಲೋ!” ಎಂದು ಕೋಟೆ ಮೈದಾನವೆಲ್ಲ ನಕ್ಕಿತು.

ಮರುವರ್ಷ ಆಟಕ್ಕೆ ಇಪ್ಪತ್ತು ದಿನವಿರುವಾಗ ತಂಡದ ನಾಯಕ ಚನ್ನಲಿಂಗಪ್ಪ ಅಂಗಡಿಗೇ ಬಂದ. “ನೋಡ್ಲಾ ಬಸ್ಲಿಂಗ, ಮುರೀದೆ ಇರೋ ಕೋಲು ತಂದ್ರೆ ಆಡ್ತೀಯ. ಇಲ್ದೆ ಹೋದ್ರೆ ಗೆರೆ ಆಚೆ ನಿಂತ್ಕೊಂಡು ಬೆಲ್ಲ ಹಂಚು.”

ಬೆಂಗಳೂರಿನ ಕೋಲು ಎರಡು ಎರವಲು ತಂದು ಬಸವಲಿಂಗಯ್ಯ ಆಗಲೇ ಆಡಿ ನೋಡಿದ್ದ. ಗಟ್ಟಿಯೇನೋ ಇದ್ದವು, ಆದರೆ ಕಂಡವರ ಎಕ್ಕಡ ಮೆಟ್ಟಿ ನಡೆದಂತಾಗುತ್ತಿತ್ತು. ಚೆಂಡು ಎಲ್ಲಿ ತಾಗಿತೆಂದು ಕೈಗೆ ತಿಳಿಯುತ್ತಲೇ ಇರಲಿಲ್ಲ.

ಕೊನೆಗೆ ಅವನು ಹೋದದ್ದು ಅಕ್ಬರಿ ಬೇಗಂ ಮನೆಗೆ. ಆ ಕೆಂಪು ಕೋಲು ಕಡೆದುಕೊಟ್ಟಿದ್ದು ಆಕೆಯ ಗಂಡ. ಆತ ತೀರಿಕೊಂಡು ಆರು ತಿಂಗಳಾಗಿತ್ತು. ಮುದುಕಿ ಜಗಲಿಯ ಮೇಲೆ ಕೂತಿದ್ದಳು.

“ನಮ್ಮ ಯಜಮಾನ್ರು ಅವತ್ತೇ ಹೇಳ್ಲಿಲ್ವಾ ಬೇಟಾ? ಹಾಲೆ ಮರ ಮಗೂ ಕೈಗೆ. ಜಗಳಕ್ಕಲ್ಲ ಅಂತ?”

“ಹೇಳಿದ್ರು ಬೀಬಮ್ಮ. ಬಣ್ಣ ನೋಡಿ ಕಿವಿ ಮುಚ್ಚೋಯ್ತು.”

“ಹಂಗಾದ್ರೆ ಈಗ ಕಣ್ಣು ಮುಚ್ಚು.”

ಆಕೆ ಗಂಡ ಉಳಿಸಿಹೋದ ಮರದ ಚೂರುಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬಿಟ್ಟಳು. ಮೊದಲನೆಯದು ಟಕ್ಕೆಂದಿತು. ಎರಡನೆಯದು ದಪ್ಪಗೆ, ಕಿವುಡು ದನಿಯಲ್ಲಿ ಬಿತ್ತು. ಮೂರನೆಯದು ಬಿದ್ದು, ಪುಟಿದು, ಗಂಟೆಯ ದನಿಯ ಕೊನೆಯ ಎಳೆಯಂತೆ ಸಣ್ಣಗೆ ನಾದ ಬಿಟ್ಟಿತು.

“ಇದ್ಯಾವ್ದು?”

“ಹಿಪ್ಪುನೇರಳೆ. ನೂಲು ಬಿಚ್ಚೋ ಹಳೇ ರಾಟೆ ಹಿಡಿ. ಬಗ್ತದೆ, ಮುರಿಯಲ್ಲ. ಪೆಟ್ಟು ತಿಂದ್ರೆ ಎಲ್ಲಿ ತಿಂದೆ ಅಂತ ಕೈಗೆ ಹೇಳ್ತದೆ.”

ಸುತ್ತ ಊರೆಲ್ಲ ಹಿಪ್ಪುನೇರಳೆಯೇ. ಆದರೆ ರೇಷ್ಮೆ ಹುಳುವಿನ ಸೊಪ್ಪಿಗೆಂದು ಬೆಳೆ ಬೆಳೆಗೂ ಬುಡಕ್ಕೆ ಕತ್ತರಿಸುವ ಗಿಡ ಅದು. ಮರವಾಗಲು ಯಾರೂ ಬಿಡುವುದಿಲ್ಲ. ಬೈರಮಂಗಲದ ಬೈರಮ್ಮನ ಹೊಲದ ಬದುವಿನಲ್ಲಿ ಮಾತ್ರ ಮಾವಿನ ಮರದಷ್ಟು ದೊಡ್ಡದೊಂದಿದೆ ಎಂದು ಅಕ್ಬರಿ ಬೇಗಂ ಹೇಳಿದಳು.

ಮರುದಿನವೇ ಅವನು ಬಿಡದಿಯಲ್ಲಿ ರೈಲಿಳಿದು ನಡೆದ. ಮರ ನಿಜವಾಗಿ ದೊಡ್ಡದಿತ್ತು. ತೆಂಕಣ ಮಗ್ಗುಲಲ್ಲಿ ಗಂಟಿಲ್ಲದ, ನೆಟ್ಟನೆಯ ಒಂದು ಕೊಂಬೆ ಅವನಿಗಾಗಿಯೇ ಚಾಚಿದಂತಿತ್ತು. ಬೈರಮ್ಮ ಎಪ್ಪತ್ತರ ಒಕ್ಕಲಗಿತ್ತಿ. ಅವನ ಕಥೆಯನ್ನೆಲ್ಲ ಕೇಳಿ ಮಚ್ಚು ತಂದು ಕೈಗೇ ಕೊಟ್ಟಳು.

“ಕಡ್ಕೋ ನನ್ನಪ್ಪಾ. ಆದ್ರೆ ಮೊದ್ಲು ಒಸಿ ಇಲ್ ಬಾ. ನೋಡ್ಬುಟ್ಟು ಕಡಿ.”

ಕಾಲು ತೊಳೆಸಿ, ರೇಷ್ಮೆ ಸಾಕುವ ಹುಳುಮನೆಯ ಹೊಸ್ತಿಲಾಚೆಯೇ ಅವನನ್ನು ನಿಲ್ಲಿಸಿದಳು. ಹೊರಗಿನವರನ್ನು ಒಳಗೆ ಬಿಡುವ ಪದ್ಧತಿಯಿಲ್ಲ. ಬಿದಿರಿನ ತಟ್ಟೆಯೊಂದನ್ನು ಬಾಗಿಲಿಗೆ ತಂದಳು. ತಟ್ಟೆ ತುಂಬ ಹುಳು. ಒಂದೂ ಮಿಸುಕುತ್ತಿಲ್ಲ, ತಿನ್ನುತ್ತಿಲ್ಲ. ಎಲ್ಲವೂ ತಲೆಯೆತ್ತಿ ಸುಮ್ಮನೆ ನಿಂತಿದ್ದವು.

“ನಾಕನೇ ಜ್ವರ. ಹಳೇ ಚರ್ಮ ಬುಡೋಗಂಟ ಹಿಂಗೇ. ನಾಳೀಕೆ ಏಳ್ತವೆ, ಎದ್ಮ್ಯಾಲೆ ಹಸಿವು ಅಂದ್ರೆ ಹಸಿವು. ಹೊಲದ ಗಿಡ ಎಲ್ಲಾ ಬೋಳಾಗೈತೆ. ಇನ್ ಆ ಮರದ ಸೊಪ್ಪೇ ಗತಿ.”

“ಒಂದೇ ಕೊಂಬೆ ಅಲ್ವಾ ಅವ್ವಾ?”

“ಒಂದ್ ಕೊಂಬೆ ಅಂದ್ರೆ ಎಷ್ಟ್ ಬಾಯಿ, ನೀನೇ ಎಣಿಸು.”

ಅವನು ತಡವರಿಸಿದ. “ಇವತ್ತು ಕಡಿದ್ರೂ ಹಸಿ ಮರ. ಆಲೆಮನೆ ಒಲೆ ಮುಂದೆ ನಾಕು ದಿನ ಇಟ್ಟು ಒಣಗಿಸ್ಬುಡಾನ ಅಂತಿದ್ದೆ.”

ಮುದುಕಿ ಬಾಯ್ತುಂಬ ನಕ್ಕಳು. “ಒಲೆ ಮುಂದೆ ಇಕ್ಕಿದ್ರೆ ಮನ್ಸನೂ ಒಣಗ್ತಾನೆ. ಬಾಳ್ತಾನಾ? ಸೀಳ್ತದೆ ಕಣಪ್ಪಾ. ಆಮ್ಯಾಕೆ ಅದ್ನೂ ಬೊಂಬೆ ಅಂತಾರೆ.”

ಬಸವಲಿಂಗಯ್ಯ ಮಚ್ಚು ಹಿಡಿದೇ ನಿಂತ. ದಿನವೂ ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ ತನ್ನ ಮನಸ್ಸು ಬೆಲ್ಲದ ಅಚ್ಚಿನ ಮೇಲಿನ ನೊಣದಂತೆ ಎಲ್ಲೆಲ್ಲೋ ಹಾರುತ್ತಿತ್ತು. ಈ ಹುಳುಗಳಿಗೆ ಯಾವ ಗುರು ಹೇಳಿಕೊಟ್ಟನೋ, ತಟ್ಟೆಗೆ ತಟ್ಟೆಯೇ ಅಲುಗದೆ ಕೂತಿದೆ. ಏಳುವ ಹೊತ್ತು ಬರುವವರೆಗೆ ಎದ್ದು ಪ್ರಯೋಜನವಿಲ್ಲವೆಂದು ಅವಕ್ಕೆ ಗೊತ್ತು. ತನಗೆ ಆಟಕ್ಕಿರುವ ಇಪ್ಪತ್ತು ದಿನ ಮಾತ್ರ ಗೊತ್ತು.

ಅವನು ಮಚ್ಚನ್ನು ಗೋಡೆಗೆ ಒರಗಿಸಿದ.

ಆ ಸಂಕ್ರಾಂತಿಗೆ ಅವನು ಗೆರೆಯಾಚೆ ನಿಂತ. ಪೇಟೆಯವರು ಒಂದು ಗೋಲಿನಿಂದ ಸೋತರು. “ಬೊಂಬೆ ಗೂಡು ಸೇರ್ಕಂತು” ಎಂದು ಯಾರೋ ಅಂದರು. ಚನ್ನಲಿಂಗಪ್ಪ ಮುಖ ತಿರುಗಿಸಿಕೊಂಡು ಹೋದ. ಬಸವಲಿಂಗಯ್ಯ ಬೆಲ್ಲ ಹಂಚಿ ಮನೆಗೆ ಹೋದ. ಅನ್ನ ಸೇರಲಿಲ್ಲ ಅನ್ನುವುದೂ ನಿಜ.

ರೇಷ್ಮೆಗೂಡು ಸಂತೆಗೆ ಹೋದ ಮೇಲೆ ಬೈರಮ್ಮ ಮರಕ್ಕೆ ಅರಿಸಿನ ಕುಂಕುಮವಿಟ್ಟು ಆ ಕೊಂಬೆ ಕಡಿಸಿದಳು. ಹುಳುಮನೆಯ ಅಟ್ಟದಲ್ಲಿ ಬಿಸಿಲೂ ಬೀಳದು, ಗಾಳಿಯೂ ನುಗ್ಗದು. ಹುಳಕ್ಕೆ ಹಿತವಾದದ್ದು ಮರಕ್ಕೂ ಹಿತ. ತುಂಡು ಅಲ್ಲೇ ಮಲಗಿತು. ಪ್ರತಿ ಬೆಳೆ ಮುಗಿದಾಗ ಅವನು ಹೋಗಿ ಅದನ್ನು ಮಗ್ಗುಲು ಬದಲಾಯಿಸಿ ಬರುತ್ತಿದ್ದ. ಹೋದವನು ಕೈಕಟ್ಟಿ ಕೂರದೆ ತಟ್ಟೆ ತೊಳೆದುಕೊಡುತ್ತಿದ್ದ. ಕಾರ್ತಿಕ ಕಳೆಯುವ ಹೊತ್ತಿಗೆ ತುಂಡು ಹಗುರಾಗಿ, ಬೆರಳಿಂದ ಬಡಿದರೆ ದನಿ ಕೊಡುತ್ತಿತ್ತು. ಬಡಗಿ ಅದನ್ನು ಮರದ ಎಳೆಗಳ ಜಾಡಿನಲ್ಲೇ ಸೀಳಿದ. ಗೂಡು ಬೇಯಿಸುವ ಹಂಡೆಯ ಹಬೆಯಲ್ಲಿ ತುದಿ ಮೆತ್ತಗಾಗಿಸಿ, ಕೊಕ್ಕೆ ಬಗ್ಗಿಸಿ, ಆರುವವರೆಗೆ ಹಗ್ಗ ಬಿಗಿದ. ಹಿಡಿಗೆ ರೇಷ್ಮೆಯ ಒರಟು ಉಳಿಕೆ ನೂಲು ಸುತ್ತಿದರು. ಬಣ್ಣ ಹಚ್ಚಲಿಲ್ಲ.

ಅಕ್ಬರಿ ಬೇಗಂ ಅವನ ಕಣ್ಣು ಮುಚ್ಚಿಸಿ, ಸಣ್ಣ ಕಲ್ಲಿನಿಂದ ಕೊಕ್ಕೆಗೆ ತಟ್ಟಿದಳು.

“ಎಲ್ಲಿ?”

“ತುದೀಲಿ.”

“ಈಗ?”

“ಬಾಗಿನ ನಡೂವೆ, ಒಸಿ ಕೆಳಗೆ.”

ಆಕೆ ಕಲ್ಲು ಎಸೆದು, “ಹೋಗು, ಆಡು” ಎಂದಳು.

ಮುಂದಿನ ಸಂಕ್ರಾಂತಿಯಲ್ಲಿ ಗೋಲು ಹೊಡೆದದ್ದು ಚನ್ನಲಿಂಗಪ್ಪ. ಬಸವಲಿಂಗಯ್ಯನ ಕೋಲಿಗೆ ಬಿದ್ದದ್ದು ಬರೀ ಪೆಟ್ಟು. ದಂಡಿನವರು ಬೀಸಿದ್ದನ್ನೆಲ್ಲ ಅದು ತಡೆದು, ಒಂದೊಂದೂ ಎಲ್ಲಿ ತಾಗಿತೆಂದು ಅಂಗೈಗೆ ಹೇಳಿತು. “ಲೇ ಬೊಂಬೆ, ಬುಡಬ್ಯಾಡ ಕಣ್ಲಾ!” ಎಂದು ಜನ ಕೂಗಿದಾಗ ಅವನಿಗೆ ಆ ಹೆಸರು ಚುಚ್ಚಲಿಲ್ಲ.

ಮರುದಿನ ಕೋಲು ಹೊತ್ತು ಬೈರಮಂಗಲಕ್ಕೆ ಹೋದ. ಬೈರಮ್ಮ ಬಾಗಿಲಿಂದಲೇ ಬಾಯಿಗೆ ಬೆರಳಿಟ್ಟಳು. “ನಾಕನೇ ಜ್ವರ.”

ಅವನು ತಲೆಯಾಡಿಸಿ ಬದುವಿಗೆ ಹೋದ. ಕಡಿದ ಜಾಗದ ಪಕ್ಕದಲ್ಲಿ ಮೂರು ಚಿಗುರು ಬಂದಿದ್ದವು. ಮರದ ಕೆಳಗೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಹುಳು ಏಳಲಿ ಎಂದು ಕೂತ.