ಸುರುಳಿ ಅಕ್ಷರದ ಆಣೆ

ನಮ್ಮ ಯಜಮಾನರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಲ್ಲದಿದ್ದರೆ ಕಳ್ಳ ಲೇಬಲ್ಲನ್ನು ಕಣ್ಣಿಂದ ನೋಡದೆಯೇ, ನಿಪ್ಪಾಣಿಯ ಪೇಟೆ ನಡುವೆ ನಿಂತು, "ಬಸದ್ಯಾಗ ಆಣಿ ಮಾಡ್ತೀನಿ, ಬರ್ರಿ" ಎಂದು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ?

ಧನಪಾಲ ಶೇಠರ ಬೀಡಿ ಕಟ್ಟಿನ ಲೇಬಲ್ಲಿನ ಮೇಲೆ ಅಚ್ಚೊತ್ತುವ ಹೆಸರನ್ನು ಸಾಗವಾನಿಯಲ್ಲಿ ಕೆತ್ತಿಕೊಟ್ಟವರು ನಮ್ಮವರು. ಪ್ರತಿ ಅಕ್ಷರಕ್ಕೂ ದಪ್ಪ ಪಾದ, ತಲೆಕಟ್ಟಿನ ತುದಿಗೆ ಮೀಸೆ ತಿರುವಿದಂಥ ಸುರುಳಿ. ಕೆತ್ತಿದ್ದು ನಿನ್ನೆಯಾದರೂ ಅಜ್ಜನ ಕಾಲದ ಗತ್ತು. ಓದು ಬಾರದವರೂ ಆ ಸುರುಳಿ ನೋಡಿ ಬೀಡಿ ಕೊಳ್ಳುತ್ತಿದ್ದರು. ಎಂಬತ್ತಾರರ ಬೇಸಿಗೆಯಲ್ಲಿ ಅದೇ ಹೆಸರು, ಅದೇ ಸುರುಳಿ ಹೊತ್ತ ಕಳ್ಳ ಬೀಡಿ ಅಥಣಿ, ರಾಯಬಾಗದ ಅಂಗಡಿಗಳಿಗೆ ಬಂತು. ಶೇಠರು ನೇರವಾಗಿ ನಮ್ಮವರತ್ತ ಬೆರಳು ತೋರಿಸಿದರು.

ನಮ್ಮ ಮಂದಿಯಲ್ಲಿ ಬಸದಿಯ ಆಣೆಗೆ ಎದುರಿಲ್ಲ. ಆಣೆ ಮಾಡಿದವನನ್ನು ಯಾರೂ ಮತ್ತೆ ಕೇಳುವುದಿಲ್ಲ. ಹಿಂದೆ ಸರಿದವನಿಗೆ ಯಾರೂ ಕೆಲಸ ಕೊಡುವುದಿಲ್ಲ.

ಬಸದಿಯಲ್ಲಿ ಬೆಳಗಿನ ಪೂಜೆ ಮುಗಿದಿತ್ತು. ಹಿರಿಯರೆಲ್ಲ ಕೂತಿದ್ದರು.

"'ನಾ ಕೆತ್ತಿಲ್ಲ, ಯಾರ ಕೆತ್ಯಾರ ನನಗ ಗೊತ್ತಿಲ್ಲ' ಅನ್ರಿ ಭೀಮಗೊಂಡ. ಇಷ್ಟ ಸಾಕು" ಎಂದರು ಶೇಠರು.

"ಬೇಕಾದಷ್ಟ ಸಲ ಅಂತೀನ್ರಿ. ಮೊದಲ ಆ ಲೇಬಲ್ ತೋರಸ್ರಿ."

ಶೇಠರು ಕಿಸೆಯಿಂದ ತೆಗೆದು ಕೊಟ್ಟರು. ನಾನೂ ಬಗ್ಗಿ ನೋಡಿದೆ. ಸುರುಳಿಯ ತುದಿ ಎಡಗೈಯಲ್ಲಿ ಎಳೆದಂತೆ ಮೇಲಕ್ಕೆ ಎದ್ದಿತ್ತು. ನಮ್ಮ ಮಗಳು ಚಂದ್ರಮತಿ ಎಡಚಿ. ಬೋರಗಾಂವಕ್ಕೆ ಮದುವೆಯಾಗಿ ಹೋಗುವ ತನಕ ಅಪ್ಪನ ಪಕ್ಕದಲ್ಲಿ ಕೂತು ಉಳಿದ ತುಂಡುಗಳ ಮೇಲೆ ಕೆತ್ತುತ್ತಿದ್ದಳು. "ಹೆಣ್ಣ ಹುಡುಗಿಗೆ ಉಳಿ ಯಾಕ ಬೇಕ" ಎಂದು ಬೈಯುತ್ತಲೇ ಅವಳ ಉಳಿಯನ್ನು ಇವರೇ ಸಾಣೆ ಹಿಡಿದುಕೊಡುತ್ತಿದ್ದರು. ಈಗ ಅವಳಿಂದ ಯಾರು ಕೆತ್ತಿಸಿದರೋ, ಅದು ಕಳ್ಳತನಕ್ಕೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಹೆಸರು ಹೊರಬಿದ್ದರೆ ಅತ್ತೆಮನೆಯವರು ಅವಳನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

ಇವರ ಮುಖದ ಸಿಟ್ಟು ಇಳಿದುಹೋಗಿತ್ತು. ನನಗೆ ಗೊತ್ತಾದದ್ದು ಇವರಿಗೆ ಗೊತ್ತಾಗದೆ ಇರುತ್ತದೆಯೇ?

"ಅನ್ರಿ ಮತ್ತ" ಎಂದರು ಹಿರಿಯರೊಬ್ಬರು.

ಅಂದುಬಿಡಲಿ, ಒಂದೇ ಒಂದು ಸುಳ್ಳು, ಪಾಪವೆಲ್ಲ ನನಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇವರು ಮೂರ್ತಿಯ ಕಡೆ ಕೈ ಚಾಚಿದರು. ಬಾಯಿ ತೆರೆದರು. ಆಮೇಲೆ ಕೈ ಹಿಂದಕ್ಕೆ ತೆಗೆದರು.

"ನಾ ಆಣಿ ಮಾಡೂದಿಲ್ರಿ."

"ಅಂದ್ರ ನೀನ ಕೆತ್ತೀದಿ!" ಶೇಠರ ಬಾಯಲ್ಲಿ ಮರ್ಯಾದೆ ಹೋಗಿತ್ತು.

ಇವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ದೇವರ ಮುಂದ ಸುಳ್ಳೂ ಬ್ಯಾಡ, ಮಗಳ ಹೆಸರೂ ಬ್ಯಾಡ ಅಂತ ಕಳ್ಳ ಅನ್ನಿಸಿಕೊಂಡ್ರಿ. ನಾಳಿಂದ ಏನ ಉಣ್ಣೂದ್ರಿ?" ಎಂದು ಅಳುತ್ತಲೇ ಜಗಳ ತೆಗೆದೆ.

ಇವರು ಮುಷ್ಟಿಯಲ್ಲೇ ಉಳಿದಿದ್ದ ಲೇಬಲ್ಲನ್ನು ಬಿಡಿಸಿ ಬಿಸಿಲಿಗೆ ಹಿಡಿದರು.

"ಕಾಶಿ, ನನ್ನ ಕೈಯಾಗ ಸುರುಳಿ ಒಂದಿನಾನೂ ಇಷ್ಟ ಚಂದ ತಿರುಗಿಲ್ಲ ನೋಡ."