ನನ್ನ ನಿರ್ಜಲ ಏಕಾದಶಿ

ನಾನೊಂದು ಜೇಡ. ಗೋಡೆಯ ಮೂಲೆಯಲ್ಲಿ ಬಲೆ ಕಟ್ಟಿಕೊಂಡು, ಹಬ್ಬ ಬಂದಾಗ ಪೊರಕೆಗೆ ಸಿಗುವ ಜಾತಿಯದಲ್ಲ. ಅಂಗೈ ಅಗಲದ, ಮೈತುಂಬ ಕೂದಲಿರುವ ಟರಂಟುಲಾ. ಹುಟ್ಟಿದ್ದು ಬೆಳಗಾವಿಯಲ್ಲಿ, ಮೀನು, ಗಿಳಿ ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಒಡಹುಟ್ಟಿದವರು ನೂರಾರು ಮಂದಿ ಇದ್ದೆವು. ಬೇಗ ಬೇರೆ ಬೇರೆ ಡಬ್ಬಿಗೆ ಹಾಕದಿದ್ದರೆ ಒಬ್ಬರನ್ನೊಬ್ಬರು ತಿಂದು ಮುಗಿಸುತ್ತಿದ್ದೆವು. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ಕಾಲೇಜು ವಿದ್ಯಾರ್ಥಿ. ತೋಳಿನ ಮೇಲೆ ಬಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುವುದೇ ಅವನ ಪ್ರಾಣಿಪ್ರೀತಿ. ಓದು ಮುಗಿಸಿ ಊರು ಬಿಡುವಾಗ ನನ್ನನ್ನು ಗಾಜಿನ ಪೆಟ್ಟಿಗೆಯ ಸಮೇತ ಪ್ರಾಣಿಶಾಸ್ತ್ರದ ಮೇಡಂ ವೈಜಯಂತಿಯವರಿಗೆ ಒಪ್ಪಿಸಿ ಕೈ ತೊಳೆದುಕೊಂಡ.

ವೈಜಯಂತಿಯವರ ಗಂಡ ಕೆಲಸದ ಮೇಲೆ ಊರೂರು ತಿರುಗುವವರು. ಮನೆಯಲ್ಲಿ ಇರುತ್ತಿದ್ದುದು ಮೇಡಂ ಮತ್ತು ಅವರ ಅತ್ತೆ ಅಂಬಾಬಾಯಿ. ಅಂಬಾಬಾಯಿಯವರು ಮಡಿ, ಏಕಾದಶಿ ತಪ್ಪದವರು. ನನ್ನನ್ನು ನೋಡಿದ ದಿನವೇ, "ಇದನ್ನ ಹೊರಗ ಇಡು, ಇಲ್ಲಾಂದ್ರ ನನ್ನ ಹೊರಗ ಇಡು" ಅಂದರು. ಇಬ್ಬರೂ ಒಳಗೇ ಉಳಿದೆವು. ನನಗೆ ಕಣ್ಣು ಮಂದ. ಕಾಲಿನ ಕೂದಲಿಗೆ ತಾಗುವ ನಡುಕದಿಂದಲೇ ಜನರನ್ನು ಗುರುತಿಸುತ್ತೇನೆ. ನನ್ನ ಪೆಟ್ಟಿಗೆಯ ಹತ್ತಿರ ಬಂದಾಗಲೆಲ್ಲ ಆಕೆಯ ಹೆಜ್ಜೆಗೆ ಅವಸರವಾಗುತ್ತಿತ್ತು.

ಎಲ್ಲ ಬದಲಾದದ್ದು ನಾನು ಊಟ ಬಿಟ್ಟಾಗ. ಪೊರೆ ಕಳಚುವ ಕಾಲ ಹತ್ತಿರವಾದರೆ ನಾವು ವಾರಗಟ್ಟಲೆ ತಿನ್ನುವುದಿಲ್ಲ. ಕೊಟ್ಟ ಜಿರಳೆ ನನ್ನೆದುರೇ ಆರಾಮಾಗಿ ಓಡಾಡಿಕೊಂಡಿತ್ತು. ಅಂಬಾಬಾಯಿಯವರಿಗೆ ಅದು ಬೇರೆಯೇ ಆಗಿ ಕಂಡಿತು.

"ವೈಜೂ, ಎದುರಿಗೆ ಇದ್ದದ್ದನ್ನ ಮುಟ್ಟವಲ್ದು ನೋಡು. ಹಿಂದಿನ ಜನ್ಮದಾಗ ಯಾರೋ ದೊಡ್ಡವರಿರಬೇಕು. ವ್ರತ ಹಿಡದದ."

ಸೊಸೆ ನಕ್ಕರು, ತಿದ್ದಲು ಹೋಗಲಿಲ್ಲ. ಅತ್ತೆ ನನ್ನನ್ನು ಮೆಚ್ಚಿದ್ದೇ ದೊಡ್ಡದು ಅನ್ನಿಸಿರಬೇಕು.

ಬೇಸಿಗೆಯಲ್ಲಿ ವೈಜಯಂತಿಯವರು ಉತ್ತರಪತ್ರಿಕೆ ತಿದ್ದಲು ಕಲಬುರಗಿಗೆ ಹೋದರು. ನನ್ನ ನೀರಿನ ಬಟ್ಟಲು ಅತ್ತೆಯ ಪಾಲಿಗೆ ಬಂತು. ಮರುದಿನವೇ ಏಕಾದಶಿ. ಅಂದು ಆಕೆ ಹನಿ ನೀರನ್ನೂ ಮುಟ್ಟುವವರಲ್ಲ. ವ್ರತ ಹಿಡಿದವರ ಎದುರು ನೀರಿಡುವುದು ಸರಿಯಲ್ಲವೆಂದು ಇಕ್ಕಳದಿಂದ ಬಟ್ಟಲನ್ನು ಎತ್ತಿಟ್ಟರು. ದ್ವಾದಶಿಯ ಬೆಳಿಗ್ಗೆ ವಾಪಸಿಡಲು ಬಂದಾಗ ನಾನು ಗಾಬರಿಯಿಂದ ಮುಂಗಾಲೆತ್ತಿದೆ.

"ನಿಂದು ಇನ್ನೂ ಮುಗದಿಲ್ಲೇನಪಾ?" ಎಂದು ಕೈ ಮುಗಿದು, ಬಟ್ಟಲು ಹಿಡಿದುಕೊಂಡೇ ಹಿಂದಿರುಗಿದರು. ನಾನು ಹೆಣ್ಣೆಂಬುದೂ ಆಕೆಗೆ ಗೊತ್ತಿರಲಿಲ್ಲ. ದಿನವೂ ಕೇಳುತ್ತಿದ್ದರು, ದಿನವೂ ನಾನು ಕಾಲೆತ್ತುತ್ತಿದ್ದೆ.

ನಾವು ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಅದು ಕಡಿಮೆಯಾದರೆ ಕಾಲು ನಮ್ಮ ಮಾತು ಕೇಳುವುದಿಲ್ಲ. ಮುಂದೆ ಹೋಗಲು ಹೊರಟರೆ ಓರೆಯಾಗಿ ಹೋದೆ. ಒಂದು ಕಾಲು ಎತ್ತಿದರೆ ಇನ್ನೊಂದು ತಾನಾಗಿ ಅದುರಿತು. ನಿಂತಲ್ಲೇ ಗಿರಗಿರ ಸುತ್ತಿ ಬಿದ್ದೆ. ಅಂಬಾಬಾಯಿಯವರು "ಮೈಯಾಗ ಬಂದದ!" ಅಂದು ಪೆಟ್ಟಿಗೆಯ ಎದುರು ದೀಪ ಹಚ್ಚಿದರು.

ಊರಿಂದ ಬಂದ ವೈಜಯಂತಿಯವರು ಚೀಲವನ್ನೂ ಕೆಳಗಿಡಲಿಲ್ಲ.

"ನೀರಿನ ಬಟ್ಟಲ ಎಲ್ಲದರಿ, ಅತ್ಯಾರ?"

"ಉಪವಾಸ ಇತ್ತಲ್ಲವಾ, ತಗದಿಟ್ಟೆ."

ಬಟ್ಟಲು ಬಂತು, ಆದರೆ ಅಲ್ಲಿಗೆ ಹೋಗಲು ನನ್ನಿಂದಾಗಲಿಲ್ಲ. ದನದ ಡಾಕ್ಟರಿಗೆ ಫೋನು ಹೋಯಿತು. "ಎಮ್ಮಿ, ನಾಯಿ ಆದ್ರ ಹೇಳ್ರಿ ಮೇಡಂ. ಇದರ ನಾಡಿ ಎಲ್ಲೆ ಹಿಡೀಲಿ?" ಅಂದರು ಅವರು. ಅಷ್ಟರಲ್ಲಿ ನನ್ನ ಕಾಲುಗಳೆಲ್ಲ ಹೊಟ್ಟೆಯಡಿ ಮಡಚಿಕೊಂಡವು. ಜೇಡಗಳು ಸಾಯುವುದು ಹಾಗೆಯೇ.

"ಹೋತರಿ" ಎಂದು ವೈಜಯಂತಿಯವರು ಅಳತೊಡಗಿದರು.

"ನಾನ ಕೊಂದೆನೇನವಾ?" ಅಂಬಾಬಾಯಿ ಕೇಳಿದರು. ದೇವರ ಕೋಣೆಗೆ ಹೋಗಿ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ ತಂದರು. ಸಾಯುವವರ ಬಾಯಿಗೆ ಬಿಡಲೆಂದು ಕಾಶಿಯಿಂದ ತಂದಿಟ್ಟ ಗಂಗೆ. ಇಕ್ಕಳದಿಂದಲೇ ಬೆಸುಗೆ ಒಡೆದರು.

"ಬಾಯಿ ಎಲ್ಲದ ಇದಕ್ಕ?"

ಸೊಸೆ ನನ್ನನ್ನು ಅಂಗಾತ ಮಾಡಿ ತೋರಿಸಿದರು. ಅಂಬಾಬಾಯಿಯವರು ನಾರಾಯಣ ನಾರಾಯಣ ಅನ್ನುತ್ತ ಪೂಜೆಯ ಚಮಚ ಉದ್ಧರಣೆಯಿಂದ ಹನಿಹನಿಯಾಗಿ ಬಿಟ್ಟರು. ಆಕೆ ನನ್ನನ್ನು ಕಳಿಸಿಕೊಡುತ್ತಿದ್ದರು, ನಾನು ಕುಡಿಯುತ್ತಿದ್ದೆ. ಸಂಜೆಯ ಹೊತ್ತಿಗೆ ಒಂದು ಕಾಲು ಚಾಚಿದೆ. ಆಮೇಲೆ ಇನ್ನೊಂದು.

ಪೊರೆ ಕಳಚಿದಾಗ ಒಂದು ಕಾಲು ಅದರಲ್ಲೇ ಉಳಿದುಹೋಯಿತು. ಈಗ ವಯಸ್ಸಾಗಿದೆ. ತೆಂಗಿನ ಚಿಪ್ಪಿನ ಅಡಿಯಲ್ಲಿ ಕುಂಟುತ್ತ ಕಾಲ ಹಾಕುತ್ತೇನೆ, ಬೇಜಾರೇನಿಲ್ಲ. ಅಂಬಾಬಾಯಿಯವರು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂರುತ್ತಾರೆ. ಆ ಗಿಂಡಿಯನ್ನು ಇಟ್ಟುಕೊಂಡಿದ್ದು ತೀರಿಹೋದ ತಮ್ಮ ಗಂಡನಿಗಾಗಿ ಎಂದು ತಿಳಿದದ್ದು ಮೊನ್ನೆ, ಅವರು ಸೊಸೆಯನ್ನು ಕರೆದು ಕೇಳಿದಾಗ.

"ವೈಜೂ, ಅವತ್ತ ದವಾಖಾನಿಯವರು ನನ್ನ ಒಳಗ ಬಿಟ್ಟಿದ್ದರ, ನಾ ಅವರ ಬಾಯಾಗೂ ಒಂದು ಉದ್ಧರಣಿ ಹಾಕಿದ್ದರ, ಎದ್ದು ಕೂಡತಿದ್ದರೇನ?"

ವೈಜಯಂತಿಯವರು ಬಂದು ಅತ್ತೆಯ ಪಕ್ಕದಲ್ಲಿ ಕೂತರು.

"ಮಾವನವರಿಗೆ ನೀರಡಿಕಿ ಇರಲಿಲ್ಲರಿ, ಅತ್ಯಾರ. ಕಡೀತನಕಾ ಸಲೈನ್ ಹಚ್ಚಿದ್ದರು."

"ನೀರಡಿಸಿ ಹೋಗಲಿಲ್ಲ ಅಂತೀ?"

"ಇಲ್ಲರಿ."

ಅಂಬಾಬಾಯಿಯವರ ಕೈ ನನ್ನ ಪೆಟ್ಟಿಗೆಯ ಗಾಜಿನ ಮೇಲಿತ್ತು. ಅವರು ಸದ್ದಿಲ್ಲದೆ ಅತ್ತದ್ದು ನನ್ನ ಏಳೂ ಕಾಲಿಗೆ ತಿಳಿಯಿತು.